ಉಗಿಹಡಗಿನಿಂದ ನುಸುಕ್ ಕಾರ್ಡಿನವರೆಗೆ

ಹಜ್ಜ್ ಕಡ್ಡಾಯವಾಗುವುದು ಅಲ್ಲಿಗೆ ತಲುಪುವ ಸಾಮರ್ಥ್ಯವುಳ್ಳವರಿಗೆ ಮಾತ್ರ. ಖರ್ಚು ಮತ್ತು ಆರೋಗ್ಯದ ಜೊತೆಗೆ ದಾರಿಯ ಸುರಕ್ಷತೆಯನ್ನೂ ಕರ್ಮಶಾಸ್ತ್ರ ವಿದ್ವಾಂಸರು ಈ ಸಾಮರ್ಥ್ಯದಲ್ಲಿ ಸೇರಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಸಮುದ್ರಯಾನದ ಬಗ್ಗೆ ಪ್ರತ್ಯೇಕ ಚರ್ಚೆಯೇ ಇದೆ. ಕ್ಷೇಮವಾಗಿ ತಲುಪುವ ಸಾಧ್ಯತೆಯೇ ಹೆಚ್ಚಾಗಿದ್ದರೆ ಕಡಲು ದಾಟಿಯಾದರೂ ಹೋಗಬೇಕು. ಅಪಾಯವೇ ಹೆಚ್ಚಾಗಿದ್ದರೆ ಕಡ್ಡಾಯವಿಲ್ಲ. ಯಂತ್ರಗಳು ಬಂದು ದಾರಿಯನ್ನು ಸುಲಭಗೊಳಿಸಿದಾಗ ಈ ಕ್ಷೇಮ ಯಾರ ಪಾಲಿಗೆ ಬಂತು ಎಂಬುದನ್ನು ನಾವಿಲ್ಲಿ ನೋಡೋಣ.

ಮೊಗಲರ ಕಾಲದಲ್ಲಿ ಹಾಜಿಗಳು ಹೊರಡುತ್ತಿದ್ದುದು ಸೂರತ್ತಿನಿಂದ. ಆ ಊರಿಗೆ ಮಕ್ಕಾದ ಬಾಗಿಲು ಎಂಬ ಹೆಸರೇ ಇತ್ತು. ಹಾಯಿಹಡಗು ಯಾವಾಗ ಹೊರಡಬೇಕು, ಯಾವಾಗ ಮರಳಬೇಕು ಎಂಬುದನ್ನು ಮಾನ್ಸೂನ್ ಗಾಳಿ ನಿರ್ಧರಿಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗು ಈ ಕಾಯುವಿಕೆಯನ್ನು ಕೊನೆಗೊಳಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಕೆಂಪು ಸಮುದ್ರದಲ್ಲಿ ಹಡಗುಗಳು ಹೆಚ್ಚಿದವು, ಮುಂಬೈ ಹಾಜಿಗಳ ಬಂದರಾಯಿತು. ಡೆಕ್ಕಿನ ಅಗ್ಗದ ಟಿಕೆಟಿನಿಂದ ಬಡವರಿಗೂ ದಾರಿ ತೆರೆಯಿತು. ಆದರೆ ಹೋಗುವ ಟಿಕೆಟಿಗಷ್ಟೇ ಹಣ ಹೊಂದಿಸಿಕೊಂಡು ಹೊರಟ ಅನೇಕರು ಮರಳಲು ಗತಿಯಿಲ್ಲದೆ ಜಿದ್ದಾದಲ್ಲಿ ಸಿಲುಕಿಕೊಂಡರು.

1865ರ ಹಜ್ಜ್‌ನಲ್ಲಿ ಕಾಲರಾ ಹಬ್ಬಿ ಸಾವಿರಾರು ಹಾಜಿಗಳು ಮಡಿದರು. ರೋಗವು ಈಜಿಪ್ಟಿನ ಮೂಲಕ ಯೂರೋಪನ್ನು ತಲುಪಿತು. ಮರುವರ್ಷವೇ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ನಡೆಯಿತು. 1882ರಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಕೇಂದ್ರ ಆರಂಭವಾಯಿತು. ರೋಗದ ಭಯ ಸುಳ್ಳಾಗಿರಲಿಲ್ಲ. ಆದರೆ ಬಡ ಯಾತ್ರಿಕನನ್ನೇ ರೋಗವೆಂಬಂತೆ ಕಂಡ ಆ ಕಾಲದ ಅಧಿಕಾರಿಗಳು, ಡೆಕ್ಕಿನಲ್ಲಿ ಜನರನ್ನು ಸರಕಿನಂತೆ ತುಂಬಿದ ಹಡಗಿನ ಮಾಲಿಕರ ಮೇಲೆ ಅಷ್ಟೇ ಕಟುವಾಗಿರಲಿಲ್ಲ ಎಂದು ನಮಗನಿಸುತ್ತದೆ.

1880ರಲ್ಲಿ ಎಸ್.ಎಸ್. ಜಿದ್ದಾ ಎಂಬ ಉಗಿಹಡಗು ಸಿಂಗಾಪುರ ಮತ್ತು ಪೆನಾಂಗ್‌ನಿಂದ ಒಂಬೈನೂರಕ್ಕೂ ಹೆಚ್ಚು ಹಾಜಿಗಳನ್ನು ಹೊತ್ತು ಹೊರಟಿತು. ಅದರ ಮಾಲಿಕರು ಸಿಂಗಾಪುರದ ಮುಸ್ಲಿಮ್ ವರ್ತಕರೇ ಆಗಿದ್ದರೆಂಬುದನ್ನೂ ಹೇಳಬೇಕು. ಬಿರುಗಾಳಿಗೆ ಸಿಕ್ಕಿ ಬಾಯ್ಲರುಗಳು ತಮ್ಮ ನೆಲೆಯಿಂದ ಸಡಿಲಗೊಂಡವು, ಹಡಗಿಗೆ ನೀರು ನುಗ್ಗಿತು. ಆಗಸ್ಟ್ 8ರ ನಸುಕಿನಲ್ಲಿ ಕಪ್ತಾನನು ತನ್ನ ಪತ್ನಿ ಮತ್ತು ಐರೋಪ್ಯ ಅಧಿಕಾರಿಗಳೊಡನೆ ದೋಣಿಯಲ್ಲಿ ಇಳಿದುಹೋದನು. ಇನ್ನೊಂದು ಹಡಗು ಅವರನ್ನು ರಕ್ಷಿಸಿ ಏಡನ್‌ಗೆ ತಂದಿತು. ಜಿದ್ದಾ ಮುಳುಗಿತು, ಹಾಜಿಗಳೆಲ್ಲರೂ ಸತ್ತರು ಎಂದು ಅವರು ಅಲ್ಲಿ ವರದಿ ಮಾಡಿದರು. ಮರುದಿನವೇ ಆಂಟೆನರ್ ಎಂಬ ಹಡಗು ಜಿದ್ದಾವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು. ಹಿಂದೆ ಉಳಿದವರು ಹಗಲಿರುಳು ನೀರು ಮೊಗೆದು ಹಡಗನ್ನು ತೇಲಿಸಿಟ್ಟಿದ್ದರು. ಕಪ್ತಾನನಿಗೆ ಸಿಕ್ಕ ಶಿಕ್ಷೆ ಮೂರು ವರ್ಷಗಳ ಪರವಾನಗಿ ಅಮಾನತು.

ಮುಂದೆ ಮುಸ್ಲಿಮರ ದೇಣಿಗೆಯಿಂದಲೂ ನಿರ್ಮಾಣವಾದ ಹಿಜಾಝ್ ರೈಲು 1908ರಲ್ಲಿ ದಮಾಸ್ಕಸ್‌ನಿಂದ ಮದೀನಾ ತಲುಪಿತು. ಮಕ್ಕಾವನ್ನು ಅದು ತಲುಪಲೇ ಇಲ್ಲ. ಮುಂಬೈಯ ಹಜ್ಜ್ ಹಡಗುಗಳ ಕಾಲ 1995ರಲ್ಲಿ ಮುಗಿಯಿತು. ಇಂದು ಬೆಂಗಳೂರಿನಿಂದ ಹೊರಟವರು ಕೆಲವೇ ಗಂಟೆಗಳಲ್ಲಿ ಅರೇಬಿಯಾದಲ್ಲಿ ಇಳಿಯುತ್ತಾರೆ.

ಈಗ ದಾರಿಯ ಕೀಲಿ ನೋಂದಣಿಯಲ್ಲಿದೆ. 2024ರ ಹಜ್ಜ್‌ನಲ್ಲಿ ಸೌದಿ ಸರಕಾರ ನುಸುಕ್ ಕಾರ್ಡನ್ನು ಜಾರಿಗೆ ತಂದಿತು. ಹವಾನಿಯಂತ್ರಿತ ಡೇರೆ, ಬಸ್ಸು ಮೊದಲಾದ ಸೌಲಭ್ಯಗಳು ನೋಂದಾಯಿತರಿಗೆ ಮಾತ್ರ. ಜನಸಂದಣಿಯ ನಿಯಂತ್ರಣಕ್ಕೆ ಇಂತಹ ವ್ಯವಸ್ಥೆ ಅನಿವಾರ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಅಧಿಕೃತ ಪ್ಯಾಕೇಜಿನ ದರ ಕೈಗೆಟುಕದವರು ಆ ವರ್ಷವೂ ಬೇರೆ ವೀಸಾಗಳಲ್ಲಿ ಬಂದಿದ್ದರು. ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣತೆ 51 ಡಿಗ್ರಿ ದಾಟಿತು. ಸರಕಾರದ ಲೆಕ್ಕದಂತೆ 1,301 ಮಂದಿ ಮೃತಪಟ್ಟರು. ಅವರಲ್ಲಿ 83 ಶೇಕಡಾ ಮಂದಿ ಅನುಮತಿಪತ್ರವಿಲ್ಲದೆ, ಸುಡುಬಿಸಿಲಿನಲ್ಲಿ ನೆರಳಿಲ್ಲದೆ ದೂರದೂರ ನಡೆದವರು. ಅನೇಕರ ಬಳಿ ಗುರುತಿನ ದಾಖಲೆಗಳೇ ಇರಲಿಲ್ಲವಾದ್ದರಿಂದ ಅವರು ಯಾರೆಂದು ಪತ್ತೆಹಚ್ಚಿ ಮನೆಯವರಿಗೆ ತಿಳಿಸಲು ತಡವಾಯಿತು.