ಹೆಸರಿಲ್ಲದ ಕಾಮಾಲೆಯ ಚರಿತ್ರೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಪಿತ್ತಜನಕಾಂಗ ಕೆಟ್ಟರೆ ಕಣ್ಣು ಹಳದಿಯಾಗುತ್ತದೆ, ಆಗ ಎಚ್ಚೆತ್ತರಾಯಿತು ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಹೆಪಟೈಟಿಸ್ ಸಿ ರೋಗದ ಚರಿತ್ರೆ ಈ ನಂಬಿಕೆಯನ್ನು ಬುಡಸಮೇತ ಅಲುಗಾಡಿಸುತ್ತದೆ. ಸೋಂಕು ತಗುಲಿದ ಬಹುತೇಕರಲ್ಲಿ ಅದು ಹಳದಿಯನ್ನು ತೋರಿಸುವುದೇ ಇಲ್ಲ.

ರಕ್ತ ಪಡೆದ ಕೆಲವರಲ್ಲಿ ವಾರಗಳ ನಂತರ ಪಿತ್ತಜನಕಾಂಗದ ಉರಿಯೂತ ಕಾಣಿಸಿಕೊಳ್ಳುವುದು ವೈದ್ಯರಿಗೆ ಬಹುಕಾಲದಿಂದ ತಿಳಿದಿತ್ತು. 1960ರ ದಶಕದಲ್ಲಿ ಬರೂಕ್ ಬ್ಲೂಮ್‌ಬರ್ಗ್ ಅವರು ಹೆಪಟೈಟಿಸ್ ಬಿ ವೈರಾಣುವಿನ ಜಾಡು ಹಿಡಿದರು. 1973ರಲ್ಲಿ ಎ ವೈರಾಣುವೂ ಪತ್ತೆಯಾಯಿತು. ಆದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಕ್ತನಿಧಿಯಲ್ಲಿದ್ದ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಬಹುಪಾಲು ಪ್ರಕರಣಗಳಲ್ಲಿ ಎರಡೂ ಇರಲಿಲ್ಲ. ಹೀಗೆ ರೋಗಕ್ಕೆ ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂಬ ಹೆಸರು ನಿಂತಿತು. ಉಪನಿಷತ್ತಿನ ‘ನೇತಿ ನೇತಿ’ಯಂತೆ ನಿರಾಕರಣೆಯೇ ಅದರ ಗುರುತಾಯಿತು.

ಪ್ರಯೋಗಾಲಯದಲ್ಲಿ ಬೆಳೆಯಲೊಪ್ಪದ ಈ ವೈರಾಣುವನ್ನು ಹಿಡಿಯಲು ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ ಹಾಗೂ ಜಾರ್ಜ್ ಕುವೊ ಬೇರೆಯೇ ದಾರಿ ತುಳಿದರು. ಡೇನಿಯಲ್ ಬ್ರಾಡ್ಲಿ ಒದಗಿಸಿದ ಸೋಂಕಿತ ಚಿಂಪಾಂಜಿಯ ರಕ್ತದಿಂದ ವಂಶವಾಹಿಯ ತುಣುಕುಗಳನ್ನು ತೆಗೆದು, ಬ್ಯಾಕ್ಟೀರಿಯಾಗಳಿಗೆ ಸೇರಿಸಿ, ಅವು ತಯಾರಿಸಿದ ಪ್ರೋಟೀನುಗಳಲ್ಲಿ ಯಾವುದನ್ನು ರೋಗಿಯ ಪ್ರತಿಕಾಯಗಳು ಗುರುತಿಸುತ್ತವೆ ಎಂದು ಜಾಲಾಡಿದರು. ಲಕ್ಷಾಂತರ ತುಣುಕುಗಳ ನಡುವೆ ಒಂದು ಸಿಕ್ಕಿತು. 1989ರಲ್ಲಿ ಶೋಧ ಪ್ರಕಟವಾಗಿ, ಮರುವರ್ಷವೇ ಅಮೆರಿಕದಲ್ಲಿ ದಾನಿಗಳ ರಕ್ತದ ಪರೀಕ್ಷೆ ಆರಂಭವಾಯಿತು. 2013ರಲ್ಲಿ ತಮಗೆ ಬಂದ ಕೆನಡಾದ ಗೈರ್ಡ್ನರ್ ಪ್ರಶಸ್ತಿಯಲ್ಲಿ ಚೂ ಮತ್ತು ಕುವೊ ಅವರಿಗೆ ಪಾಲಿಲ್ಲವೆಂದು ಹೌಟನ್ ಅದನ್ನು ನಿರಾಕರಿಸಿದರು. 2020ರ ನೊಬೆಲ್ ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ ಸಂದಿತು.

ಮದ್ದು ಬಂದಾಗ ಬೆಲೆಯೇ ಗೋಡೆಯಾಯಿತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ನ ಒಂದು ಮಾತ್ರೆಗೆ 1,000 ಡಾಲರ್, ಹನ್ನೆರಡು ವಾರಗಳಿಗೆ 84,000 ಡಾಲರ್. 2014ರಲ್ಲಿ ಗಿಲಿಯಡ್ ಕಂಪನಿ ಭಾರತದ ತಯಾರಕರಿಗೆ ಪರವಾನಗಿ ನೀಡಿತು. ಹೈದರಾಬಾದಿನ ಹೆಟೆರೊ, ಮುಂಬಯಿಯ ಸಿಪ್ಲಾ, ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲಿದ್ದವು. ನಾವು ಬಿಟ್ಟು ಬಂದ ಊರು ಮತ್ತು ನೆಲೆ ನಿಂತ ಊರುಗಳ ಕಂಪನಿಗಳ ಮೂಲಕವೇ ಮದ್ದು ಅಗ್ಗವಾಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಆದರೂ ತೊಡಕು ಮೊದಲಿನದೇ: ರೋಗ ತಾನಾಗಿ ಹೇಳಿಕೊಳ್ಳುವುದಿಲ್ಲ. ಸೋಂಕಿತರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಜನರಲ್ಲಿ ಅದು ದೇಹದಲ್ಲೇ ಉಳಿಯುತ್ತದೆ. ಅಂಥವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷಗಳೊಳಗೆ ಪಿತ್ತಜನಕಾಂಗ ಗಡಸಾಗುವ ಸಿರೋಸಿಸ್ ಬರಬಹುದು. ಮದ್ಯಪಾನ ಆ ಹಾನಿಯನ್ನು ತೀವ್ರಗೊಳಿಸುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ. ನಮ್ಮ ದೇಶದ ರಕ್ತನಿಧಿಗಳಲ್ಲಿ ಪರೀಕ್ಷೆ ಕಡ್ಡಾಯವಾದದ್ದು ಅಮೆರಿಕಕ್ಕಿಂತ ಸುಮಾರು ಒಂದು ದಶಕ ತಡವಾಗಿ. ಅದಕ್ಕೂ ಮುನ್ನ ರಕ್ತ ಪಡೆದ, ಅಥವಾ ಒಂದೇ ಸೂಜಿಯನ್ನು ಹಲವರಿಗೆ ಚುಚ್ಚುತ್ತಿದ್ದ ಕಾಲದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡ ಹಿರಿಯರು ನಮ್ಮೆಲ್ಲರ ಮನೆಗಳಲ್ಲೂ ಇರಬಹುದು. ಅವರ ಕಣ್ಣು ಹಳದಿಯಾಗುವವರೆಗೆ ಕಾಯದೆ, ಒಮ್ಮೆ ರಕ್ತಪರೀಕ್ಷೆ ಮಾಡಿಸೋಣ. ರೋಗವಿದ್ದರೆ ನೂರಕ್ಕೆ ತೊಂಬತ್ತೈದರಷ್ಟು ಜನರನ್ನು ಗುಣಪಡಿಸಬಲ್ಲ ಮಾತ್ರೆಗಳು ಇಂದು ನಮ್ಮಲ್ಲಿವೆ.