ಕೇಶವೂ ಸ್ವಾತಂತ್ರ್ಯವೂ: ಹೊವರ್ಡ್ ವಿಶ್ವವಿದ್ಯಾನಿಲಯದ ಒಂದು ಪ್ರಕರಣ

ಕ್ರಿ. ಶ. 1966ನೆಯ ಇಸವಿಯ ಶರತ್ಕಾಲದಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ, ರಾಬಿನ್ ಗ್ರೆಗರಿ ಎಂಬ ವಿದ್ಯಾರ್ಥಿನಿಯು ಸಹಪಾಠಿಗಳ ಮತದಿಂದ ವಾರ್ಷಿಕೋತ್ಸವದ ರಾಣಿಯಾಗಿ ಆರಿಸಲ್ಪಟ್ಟಳು. ಅದುವರೆಗೆ ಆ ಗೌರವವನ್ನು ಪಡೆಯುತ್ತಿದ್ದವರು ಸಾಮಾನ್ಯವಾಗಿ ತಿಳಿಬಣ್ಣದವರು, ನೀಳಗೂದಲಿನವರು. ಗ್ರೆಗರಿಯಾದರೋ ತನ್ನ ಕೂದಲನ್ನು ಕಾಯಿಸಿದ ಬಾಚಣಿಗೆಯಿಂದ ನೇರಮಾಡದೆ, ಹುಟ್ಟಿನಿಂದ ಬಂದ ಗುಂಗುರಿನಲ್ಲಿಯೇ ಬಿಟ್ಟಿದ್ದಳು. ಒಬ್ಬ ತರುಣಿಯ ಕೇಶವಿನ್ಯಾಸವು ಚರಿತ್ರೆಯ ವಿಷಯವಾಗುವುದೆಂತು ಎಂದು ಶಂಕೆ ಹುಟ್ಟಬಹುದು. ಆದರೆ ವೇಣೀಸಂಹಾರವನ್ನು ಓದಿದವರಿಗೆ, ಬಿಚ್ಚಿದ ಮುಡಿಯೂ ಒಂದು ಪ್ರತಿಜ್ಞೆಯಾಗಬಲ್ಲುದೆಂಬುದು ಹೊಸ ಮಾತಲ್ಲ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಸಹಜಕೇಶವೆಂಬುದು ಆ ದಶಕದಲ್ಲಿ ಹುಟ್ಟಿದ ಒಂದು ಸೊಗಸಿನ ಪದ್ಧತಿ ಮಾತ್ರವೆಂಬುದು ಮೊದಲನೆಯದು; ಅದಕ್ಕೆ ಹಿಂದೆ ಕೂದಲನ್ನು ನೇರಮಾಡಿಕೊಳ್ಳುತ್ತಿದ್ದ ಕಪ್ಪು ಜನಾಂಗದ ಸ್ತ್ರೀಯರು ಬಿಳಿಯರ ಅನುಕರಣದಲ್ಲಿ ಸ್ವಾಭಿಮಾನವನ್ನು ತೊರೆದವರೆಂಬುದು ಎರಡನೆಯದು. ಇವೆರಡೂ ಪೂರ್ವಚರಿತ್ರೆಯ ಪರಿಶೀಲನೆಗೆ ನಿಲ್ಲತಕ್ಕವಲ್ಲ.

ಪಶ್ಚಿಮ ಆಫ್ರಿಕದ ಯೊರುಬ ಮೊದಲಾದ ಅನೇಕ ಜನಾಂಗಗಳಲ್ಲಿ ಕೂದಲ ಹೆಣಿಗೆಯು ವಯಸ್ಸು, ವಿವಾಹಸ್ಥಿತಿ, ಪದವಿ ಮೊದಲಾದುವನ್ನು ತಿಳಿಸುವ ಚಿಹ್ನೆಯಾಗಿದ್ದಿತು. ದಾಸ್ಯಕ್ಕೆ ಒಯ್ಯಲ್ಪಟ್ಟ ಸ್ತ್ರೀಯರಿಗೆ ಆ ಹೆಣಿಗೆಗೆ ಬೇಕಾದ ಬಿಡುವೂ ಇರಲಿಲ್ಲ, ಉಪಕರಣಗಳೂ ಇರಲಿಲ್ಲ. ವಾರದಲ್ಲಿ ಆರು ದಿನ ಹೊಲದಲ್ಲಿ ತಲೆಗೆ ಬಟ್ಟೆ ಸುತ್ತಿ ದುಡಿದು, ಭಾನುವಾರ ಒಬ್ಬರ ತಲೆಯನ್ನೊಬ್ಬರು ಬಾಚಿಕೊಳ್ಳುತ್ತಿದ್ದರೆಂದು ದಾಸ್ಯದಿಂದ ಬಿಡುಗಡೆ ಹೊಂದಿದವರ ಹೇಳಿಕೆಗಳಿಂದ ತಿಳಿದುಬರುತ್ತದೆ. ಸ್ವತಂತ್ರರಾದ ಕಪ್ಪು ಸ್ತ್ರೀಯರಿಗಾದರೂ ತಮ್ಮ ತಲೆಯ ಮೇಲೆ ತಮಗೆ ಅಧಿಕಾರವಿದ್ದಿತೇ ಎಂದರೆ ಅದೂ ಇಲ್ಲ. 1786ರಲ್ಲಿ ಲೂಯಿಸಿಯಾನ ಪ್ರಾಂತವನ್ನು ಸ್ಪೇನಿನ ಪರವಾಗಿ ಆಳುತ್ತಿದ್ದ ಎಸ್ಟೆಬಾನ್ ಮಿರೊ ಎಂಬ ಗವರ್ನರನು, ಆಫ್ರಿಕಮೂಲದ ಸ್ವತಂತ್ರ ಸ್ತ್ರೀಯರು ಗರಿಗಳನ್ನೂ ಆಭರಣಗಳನ್ನೂ ಮುಡಿಯಲ್ಲಿ ಧರಿಸಬಾರದೆಂದೂ, ಕೂದಲನ್ನು ವಸ್ತ್ರದಿಂದ ಮುಚ್ಚಿಕೊಳ್ಳಬೇಕೆಂದೂ ಆಜ್ಞಾಪಿಸಿದನು. ಕುಂದು ತರಲೆಂದು ವಿಧಿಸಿದ ಆ ತಲೆವಸ್ತ್ರವನ್ನೇ ಅವರು ಬಣ್ಣಬಣ್ಣದ ಅರಿವೆಗಳಿಂದ ಚೆಲುವಾಗಿ ಕಟ್ಟಿ ಅಲಂಕಾರವನ್ನಾಗಿ ಮಾಡಿಕೊಂಡರು. ಆದಕಾರಣ ಕೇಶವನ್ನು ಕುರಿತ ಹೋರಾಟವು 1966ರಲ್ಲಿ ಹುಟ್ಟಿದುದಲ್ಲ. ಅದಕ್ಕೆ ನೂರೆಂಬತ್ತು ವರ್ಷಗಳ ಹಿಂದೆಯೇ ರಾಜಾಜ್ಞೆಯೂ ಇದ್ದಿತು, ಅದಕ್ಕೆ ಪ್ರತಿಕ್ರಿಯೆಯೂ ಇದ್ದಿತು.

ಇನ್ನು ಎರಡನೆಯ ಅಭಿಪ್ರಾಯದ ವಿಚಾರ. ದಾಸ್ಯವು 1865ರಲ್ಲಿ ಕಾನೂನಿನಿಂದ ನಿಷೇಧಿಸಲ್ಪಟ್ಟಿತು. 1867ರಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದೇ ವರ್ಷ ಲೂಯಿಸಿಯಾನದಲ್ಲಿ, ಹಿಂದೆ ದಾಸರಾಗಿದ್ದ ತಾಯಿತಂದೆಗಳಿಗೆ ಸಾರಾ ಬ್ರೀಡ್‌ಲವ್ ಎಂಬ ಹೆಣ್ಣು ಮಗುವು ಜನಿಸಿತು. ಮೇಡಂ ಸಿ. ಜೆ. ವಾಕರ್ ಎಂದು ಮುಂದೆ ಪ್ರಸಿದ್ಧಳಾದವಳು ಈಕೆಯೇ. ಬಾಲ್ಯದಲ್ಲಿಯೇ ಅನಾಥೆಯಾಗಿ, ಬಹುಕಾಲ ಬಟ್ಟೆ ಒಗೆದು ಜೀವಿಸಿದ ಈಕೆಗೆ ನೆತ್ತಿಯ ರೋಗದಿಂದ ಕೂದಲು ಉದುರತೊಡಗಿತು. ಅದಕ್ಕೆ ತಕ್ಕ ಲೇಪವನ್ನು ಸಿದ್ಧಪಡಿಸಿ ಮಾರಲಾರಂಭಿಸಿದ ಆಕೆ, 1919ರಲ್ಲಿ ಮೃತಳಾಗುವ ವೇಳೆಗೆ ದೊಡ್ಡದೊಂದು ಉದ್ಯಮಕ್ಕೆ ಒಡತಿಯಾಗಿದ್ದಳು. ಸಾವಿರಾರು ಕಪ್ಪು ಸ್ತ್ರೀಯರು ಆಕೆಯ ಪ್ರತಿನಿಧಿಗಳಾಗಿ ಸಂಪಾದಿಸುತ್ತಿದ್ದರು. ಆಕೆಗಿಂತ ಮೊದಲೇ ಈ ವ್ಯಾಪಾರವನ್ನು ಕೈಗೊಂಡಿದ್ದ ಆನಿ ಮಲೋನ್ ಎಂಬವಳು 1918ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಪೋರೋ ಕಾಲೇಜನ್ನು ತೆರೆದು ಕೇಶಸಂಸ್ಕಾರದ ವಿದ್ಯೆಯನ್ನು ಕಲಿಸಿದಳು. ಈ ವೃತ್ತಿಯಲ್ಲಿ ಕಾಯಿಸಿದ ಬಾಚಣಿಗೆಯ ಬಳಕೆಯಿದ್ದುದು ನಿಜ. ನೀಳಗೂದಲೇ ಚೆಲುವೆಂಬ ಭಾವನೆಗೆ ಅದರಿಂದ ಬಲ ಬಂದುದೂ ನಿಜ. ಆದರೆ ಅಡಿಗೆಮನೆ ಮತ್ತು ಬಟ್ಟೆಯೊಗೆತಗಳಲ್ಲದೆ ಬೇರೆ ಜೀವನೋಪಾಯವು ದುರ್ಲಭವಾಗಿದ್ದ ಕಾಲದಲ್ಲಿ ಅದೇ ವೃತ್ತಿಯು ಸ್ತ್ರೀಯರಿಗೆ ಸ್ವಂತ ದುಡಿಮೆಯನ್ನು ಕೊಟ್ಟಿತು. ಹೀಗಿರಲು ಅವರನ್ನು ಬರಿಯ ಅನುಕಾರಿಗಳೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಹೊವರ್ಡಿನ ವಿದ್ಯಾರ್ಥಿನಿಯರ ಸ್ಥಿತಿಯೂ ಇಂತಹುದೇ ಇಬ್ಬಗೆಯದು. ಕಪ್ಪು ಜನಾಂಗದ ವಿದ್ಯಾವತಿಯರ ಪ್ರಥಮ ಸೋದರೀಸಂಘವು 1908ರಲ್ಲಿ ಅಲ್ಲಿಯೇ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬಳಾದ ಲೂಸಿ ಡಿಗ್ಸ್ ಸ್ಲೋ 1922ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀವಿಭಾಗದ ಡೀನ್ ಆಗಿ ನಿಯಮಿತಳಾದಳು. ವಿದ್ಯಾರ್ಥಿನಿಯರನ್ನು ಮಕ್ಕಳಂತೆ ಕಾವಲಿನಲ್ಲಿಡದೆ ಸ್ವಯಂನಿಯಮನಕ್ಕೆ ಬಿಡಬೇಕೆಂಬುದು ಆಕೆಯ ವಾದವಾಗಿದ್ದಿತು. ಆದರೂ ಉಡಿಗೆತೊಡಿಗೆ ನಡೆನುಡಿಗಳಲ್ಲಿ ಸ್ವಲ್ಪವೂ ಕುಂದು ಕಾಣದಂತಿರಬೇಕೆಂಬ ಒತ್ತಡವು ಅವರ ಮೇಲೆ ಸದಾ ಇದ್ದಿತು. ಒಬ್ಬಳ ಕೆದರಿದ ತಲೆಯು ಇಡೀ ಜನಾಂಗಕ್ಕೆ ಅಪವಾದವಾಗುತ್ತದೆಂಬ ಭಯವೇ ಇದಕ್ಕೆ ಕಾರಣ. ಈ ಭಯದ ಮೂಲವನ್ನು ಶೋಧಿಸಿದವಳೂ ಹೊವರ್ಡಿನ ವಿದ್ಯಾರ್ಥಿನಿಯೇ. ಅಲ್ಲಿ 1938ರಲ್ಲಿ ಪದವಿ ಪಡೆದ ಮೇಮಿ ಫಿಪ್ಸ್ ಕ್ಲಾರ್ಕ್, ಪತಿ ಕೆನೆತ್ ಕ್ಲಾರ್ಕನೊಡನೆ ಬೊಂಬೆಗಳ ಮೂಲಕ ಮಕ್ಕಳ ಮನಸ್ಸನ್ನು ಪರೀಕ್ಷಿಸಿ, ಕಪ್ಪು ಮಕ್ಕಳಲ್ಲಿ ಅನೇಕರು ಬಿಳಿಯ ಬೊಂಬೆಯನ್ನೇ ಒಳ್ಳೆಯದೆಂದು ಆರಿಸುವುದನ್ನು ತೋರಿಸಿದಳು. ವರ್ಣಭೇದದ ಶಾಲೆಗಳನ್ನು ಖಂಡಿಸಿದ 1954ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಈ ಶೋಧನೆಗೂ ಸ್ಥಾನವಿದೆ.

1966ರ ಪಟ್ಟಾಭಿಷೇಕದ ಅರ್ಥವು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಆ ಸಂಜೆ ದೀಪವು ಬೆಳಗಿದಾಗ ಸಭಿಕರಿಗೆ ಮೊದಲು ಕಂಡುದು ರಾಣಿಯ ಮುಖವಲ್ಲ, ತೆರೆಯ ಮೇಲೆ ಮೂಡಿದ ದುಂಡುಗೂದಲಿನ ನೆರಳು. ಅದನ್ನು ಕಂಡೊಡನೆಯೇ ಸಭೆಯು ಜಯಘೋಷದಿಂದ ತುಂಬಿತೆಂದು ಅಲ್ಲಿದ್ದ ವಿದ್ಯಾರ್ಥಿನಿ, ಮುಂದೆ ಚರಿತ್ರಕಾರಳಾದ ಪಾಲಾ ಗಿಡ್ಡಿಂಗ್ಸ್ ಸ್ಮರಿಸಿದ್ದಾಳೆ. ಬಾಲ್ಯದಿಂದ ನಾಚಿಕೆಯೆಂದು ಕಲಿತುದನ್ನು ಸಭೆಯ ನಡುವೆ ಗೌರವವಾಗಿ ಕಂಡ ಹರ್ಷವು ಅದು. 1968ರ ಮಾರ್ಚಿಯಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಆಡಳಿತಭವನವನ್ನು ಆಕ್ರಮಿಸಿ ಕುಳಿತು, ತಮ್ಮ ಜನಾಂಗದ ಚರಿತ್ರೆ ಸಂಸ್ಕೃತಿಗಳಿಗೆ ಪಾಠಕ್ರಮದಲ್ಲಿ ಸ್ಥಾನ ಬೇಕೆಂದು ಕೇಳಿದರು. ತಲೆಯ ಹೊರಗಿನ ಪ್ರಶ್ನೆಯು ಎರಡು ವರ್ಷಗಳೊಳಗಾಗಿ ತಲೆಯ ಒಳಗಿನ ಪ್ರಶ್ನೆಯಾಗಿ ಪರಿಣಮಿಸಿತು.

ಇಷ್ಟರಿಂದ ವಿವಾದವು ಮುಗಿಯಲಿಲ್ಲ. 1981ರಲ್ಲಿ ನ್ಯೂಯಾರ್ಕಿನ ಸಂಯುಕ್ತ ನ್ಯಾಯಾಲಯವೊಂದು, ವಿಮಾನಸಂಸ್ಥೆಯ ಉದ್ಯೋಗಿನಿಯೊಬ್ಬಳ ಸಾಲುಜಡೆಗಳನ್ನು ಕುರಿತ ವ್ಯಾಜ್ಯದಲ್ಲಿ, ಗುಂಗುರು ಕೂದಲು ಪ್ರಕೃತಿಸಿದ್ಧ, ಹೆಣಿಗೆಯು ಕೃತಕ, ಆದುದರಿಂದ ಹೆಣಿಗೆಯನ್ನು ನಿಷೇಧಿಸುವುದು ವರ್ಣಭೇದವಲ್ಲ ಎಂಬ ವಿವಕ್ಷೆಯಿಂದ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಪ್ರಕೃತಿಗೆ ರಕ್ಷಣೆ, ಸಂಸ್ಕೃತಿಗೆ ರಕ್ಷಣೆಯಿಲ್ಲ ಎಂಬುದು ಇದರ ಫಲಿತಾರ್ಥ. ಆ ಬಗೆಯ ಕೂದಲಿಗೆ ಹೆಣಿಗೆಯೇ ತಲೆಮಾರುಗಳಿಂದ ಬಂದ ಪೋಷಣೆಯ ಕ್ರಮವೆಂಬುದನ್ನು ಈ ವಿಭಾಗವು ಗಣಿಸಲಿಲ್ಲ. 2016ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯ ಬಾಲಿಕಾ ಪ್ರೌಢಶಾಲೆಯ ಕಪ್ಪು ವಿದ್ಯಾರ್ಥಿನಿಯರು ಕೂದಲಿನ ನಿಯಮಗಳನ್ನು ಪ್ರತಿಭಟಿಸಿದಾಗ ಪ್ರಾಂತಾಧಿಕಾರಿಗಳು ಆ ನಿಯಮಗಳನ್ನು ತಡೆಹಿಡಿಯಬೇಕಾಯಿತು. 2019ರಲ್ಲಿ ಕ್ಯಾಲಿಫೋರ್ನಿಯವು, ಉದ್ಯೋಗದಲ್ಲಿಯೂ ಸರಕಾರೀ ಶಾಲೆಗಳಲ್ಲಿಯೂ ಕೂದಲ ಗುಣ ಮತ್ತು ಹೆಣಿಗೆಗಳ ಕಾರಣದಿಂದ ಭೇದವೆಣಿಸುವುದು ವರ್ಣಭೇದವೇ ಎಂದು ಶಾಸನ ಮಾಡಿತು; ಅನಂತರ ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳು ಅದನ್ನು ಅನುಸರಿಸಿದುವು. ಸಮಗ್ರ ದೇಶಕ್ಕೆ ಅನ್ವಯಿಸುವ ಮಸೂದೆಯು 2022ರಲ್ಲಿ ಪ್ರತಿನಿಧಿಸಭೆಯಲ್ಲಿ ಅಂಗೀಕೃತವಾದರೂ ಸೆನೆಟಿನಲ್ಲಿ ಮುಂದುವರಿಯಲಿಲ್ಲ.

ಇದರಿಂದ ಸಿದ್ಧವಾಗುವುದಿಷ್ಟು: ಇಲ್ಲಿ ವಿವಾದಾಸ್ಪದವಾದುದು ಗುಂಗುರು ಮೇಲೋ ನೇರವು ಮೇಲೋ ಎಂಬುದಲ್ಲ, ನಿರ್ಣಯಿಸುವ ಅಧಿಕಾರವು ಯಾರದೆಂಬುದು. ಮಿರೊವಿನ ಆಜ್ಞೆಯೂ ಶಾಲೆಯ ನಿಯಮವೂ ಆ ಅಧಿಕಾರವನ್ನು ಕಸಿದುಕೊಂಡುವು. ಅರಿವೆಯನ್ನು ಚೆಲುವಾಗಿ ಸುತ್ತಿದವಳೂ, ಲೇಪವನ್ನು ಮಾರಿ ಬದುಕಿದವಳೂ, ಬಾಚಣಿಗೆಯನ್ನು ಕಾಯಿಸದೆ ವೇದಿಕೆಯನ್ನೇರಿದವಳೂ ತಮತಮಗೆ ಸಾಧ್ಯವಾದಷ್ಟನ್ನು ಮರಳಿ ಪಡೆದರು. ಕೂದಲನ್ನು ನೇರಮಾಡಿಕೊಂಡವಳನ್ನು ಹೀಗಳೆಯುವವನು ಸ್ವಾತಂತ್ರ್ಯದ ಹೆಸರಿನಲ್ಲಿ ಇನ್ನೊಂದು ಆಜ್ಞೆಯನ್ನು ಹೊರಡಿಸಿದವನಾಗುತ್ತಾನೆ.