ಬುದ್ಧಿಮತ್ತೆಯ ಅಳತೆಗೋಲು: ಲೆಕ್ಕಕ್ಕೆ ಸಿಗದ ಮಕ್ಕಳು

ಮಕ್ಕಳ ಬುದ್ಧಿಮತ್ತೆ ಅಳೆಯುವ ವೆಕ್ಸ್ಲರ್ ಮಾಪಕ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1949ರಲ್ಲಿ. ಸರಾಸರಿ ಅಂಕ ನಿಗದಿಪಡಿಸಲು ಆಗ ಪರೀಕ್ಷೆಗೆ ಒಳಪಡಿಸಿದ್ದ 2,200 ಮಕ್ಕಳೂ ಬಿಳಿಯರು. ಆದರೆ ಮಾಪಕವನ್ನು ಬಳಸಿದ್ದು ಎಲ್ಲ ಜನಾಂಗದ ಮಕ್ಕಳ ಮೇಲೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಪರೀಕ್ಷೆಗಳ ಅಂಕ ಆಧರಿಸಿ ಮಕ್ಕಳನ್ನು ‘ಬುದ್ಧಿಮಾಂದ್ಯ’ರೆಂದು ವಿಂಗಡಿಸಿ ಪ್ರತ್ಯೇಕ ತರಗತಿಗೆ ಕಳುಹಿಸಲಾಗುತ್ತಿತ್ತು. 1970ರ ದಶಕದಲ್ಲಿ ಆ ರಾಜ್ಯದ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳ ಪ್ರಮಾಣ ಸುಮಾರು ಶೇ 10. ಈ ತರಗತಿಗಳಲ್ಲಿ ಮಾತ್ರ ಸುಮಾರು ಶೇ 25. ಒಮ್ಮೆ ಅಲ್ಲಿಗೆ ಹೋದ ಮಗು ಸಾಮಾನ್ಯ ತರಗತಿಗೆ ಮರಳುವುದು ದುಸ್ತರವಾಗಿತ್ತು.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರು ಕಪ್ಪು ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ‘ಲ್ಯಾರಿ ಪಿ.’ ಮೊಕದ್ದಮೆ ಎಂದೇ ಇದು ಪ್ರಸಿದ್ಧ. ಕಪ್ಪು ಮನಶ್ಶಾಸ್ತ್ರಜ್ಞರು ಅದೇ ಮಕ್ಕಳೊಂದಿಗೆ ಸಲುಗೆ ಬೆಳೆಸಿ, ಪ್ರಶ್ನೆಗಳನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಿದಾಗ ಎಲ್ಲರೂ 75 ಅಂಕಗಳ ಗಡಿ ದಾಟಿದ್ದರು.

ಅಷ್ಟರಲ್ಲಿ, 1974ರ ಪರಿಷ್ಕೃತ ಮಾಪಕದಲ್ಲಿ ಕಪ್ಪು ಮಕ್ಕಳನ್ನೂ ಜನಸಂಖ್ಯೆಗೆ ಅನುಗುಣವಾಗಿ ಸೇರಿಸಿಕೊಳ್ಳಲಾಯಿತು. ನ್ಯಾಯಮೂರ್ತಿ ರಾಬರ್ಟ್ ಪೆಕ್‌ಹ್ಯಾಮ್ ಅವರಿಗೆ ಇದು ಸಾಕೆನಿಸಲಿಲ್ಲ. ಪರೀಕ್ಷೆ ಆ ಮಕ್ಕಳಿಗೆ ಯುಕ್ತವೇ ಎಂಬುದನ್ನು ಪ್ರತ್ಯೇಕವಾಗಿ ಸಾಬೀತುಪಡಿಸಿಲ್ಲ ಎಂದ ಅವರು, ಕಪ್ಪು ಮಕ್ಕಳನ್ನು ಆ ತರಗತಿಗಳಿಗೆ ಸೇರಿಸಲು ಇಂಥ ಪರೀಕ್ಷೆ ಬಳಸದಂತೆ 1979ರಲ್ಲಿ ತಡೆ ಹಾಕಿದರು. ಮರುವರ್ಷವೇ ಇಲಿನಾಯ್‌ನಲ್ಲಿ ಇನ್ನೊಬ್ಬ ನ್ಯಾಯಾಧೀಶರು ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಪಕ್ಷಪಾತ ಕೆಲವೇ ಪ್ರಶ್ನೆಗಳಲ್ಲಿದೆ ಎಂದು ತದ್ವಿರುದ್ಧ ತೀರ್ಪು ನೀಡಿದ್ದು ಬೇರೆ ಮಾತು.

ಈ ತೊಡಕನ್ನು ಸರಳವಾಗಿ ತೋರಿಸಿಕೊಟ್ಟದ್ದು ರಾಬರ್ಟ್ ಸರ್ಪೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನ. ಕೊಟ್ಟ ಆಕೃತಿಯನ್ನು ಕಾಗದದ ಮೇಲೆ ಬಿಡಿಸುವುದರಲ್ಲಿ ಇಂಗ್ಲೆಂಡಿನ ಮಕ್ಕಳು ಮುಂದಿದ್ದರು. ತಂತಿ ಬಗ್ಗಿಸಿ ಮಾಡುವುದರಲ್ಲಿ, ತಂತಿಯ ಆಟಿಕೆಗಳನ್ನು ತಾವೇ ಮಾಡಿಕೊಂಡು ಬೆಳೆದ ಜಾಂಬಿಯಾದ ಮಕ್ಕಳದೇ ಮೇಲುಗೈ. ಜೇಡಿಮಣ್ಣಿನಲ್ಲಿ ಇಬ್ಬರೂ ಸಮ. ಕಾಗದವೊಂದನ್ನೇ ಕೊಟ್ಟಿದ್ದರೆ ಫಲಿತಾಂಶ ಏನೆಂದು ದಾಖಲಾಗುತ್ತಿತ್ತೆಂಬುದನ್ನು ಊಹಿಸಬಹುದು.

ಭಾರತದಲ್ಲಿ ಈ ಎಚ್ಚರ ಇನ್ನೂ ಮೊದಲೇ ಮೂಡಿತ್ತು. ಫ್ರಾನ್ಸ್ ಮೂಲದ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ‘ಬಾಂಬೆ–ಕರ್ನಾಟಕ ಪರಿಷ್ಕರಣೆ’ ಎಂದು ಅದಕ್ಕೆ ಹೆಸರು. ಓದು ಬರಹ ಬಾರದವರನ್ನೂ ಒಳಗೊಳ್ಳಲು ಸಿ.ಎಂ. ಭಾಟಿಯಾ 1955ರಲ್ಲಿ ಐದು ಪರೀಕ್ಷೆಗಳ ಗುಚ್ಛ ಪ್ರಕಟಿಸಿದರು. ಆದರೆ ಅದರ ಸರಾಸರಿ ನಿಗದಿಗೆ ಆಯ್ದುಕೊಂಡದ್ದು ಉತ್ತರ ಪ್ರದೇಶದ ಬಾಲಕರನ್ನು ಮಾತ್ರ. ಬಾಲಕಿಯರು ಅದರಲ್ಲಿ ಇರಲಿಲ್ಲ.